ಅಪರಾಧಕ್ಕೆ ಹೆಸರಿಡುವವರು ಯಾರು? ಮೊದಲ ಹಾಳೆಯಲ್ಲೇ ಕಳೆದುಹೋಗುವ ಮಹಿಳೆಯರು

ಬೆಂಗಳೂರು: ಜೆ.ಪಿ.ನಗರ 7ನೇ ಹಂತಕ್ಕೆ ಹೊಂದಿಕೊಂಡಿರುವ ಪುಟ್ಟೇನಹಳ್ಳಿ ಒಂದು ಕಾಲಕ್ಕೆ ಕೆರೆ ದಂಡೆಯ ಹಳ್ಳಿ. ಇಂದು ಅದೇ ಕೆರೆಯ ಸುತ್ತ ಅಪಾರ್ಟ್‌ಮೆಂಟ್ ಸಮುಚ್ಚಯಗಳು ತಲೆಯೆತ್ತಿವೆ. ಆ ಮನೆಗಳಲ್ಲಿ ವಾಸಿಸುವ ಉದ್ಯೋಗಸ್ಥ ಮಹಿಳೆಯರು, ಅದೇ ಮನೆಗಳಿಗೆ ಕೆಲಸಕ್ಕೆ ಬರುವ ಮಹಿಳೆಯರು, ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಯುವತಿಯರು ಎಲ್ಲರೂ ದಕ್ಷಿಣ ಬೆಂಗಳೂರಿನ ಈ ಭಾಗದ ನಿತ್ಯದ ದೃಶ್ಯ. ಬಡಾವಣೆಯ ಹೆಸರಿನಲ್ಲೇ ಪೊಲೀಸ್ ಠಾಣೆಯೂ ಇದೆ.

ಮಹಿಳೆಯರ ಮೇಲಿನ ದೌರ್ಜನ್ಯ ಹಾಗೂ ಮಾನವ ಕಳ್ಳಸಾಗಣೆಯ ಅಂಕಿ ಅಂಶಗಳು ಪ್ರತಿ ಬಾರಿ ದೆಹಲಿಯಿಂದ ಪ್ರಕಟವಾಗುತ್ತವೆ. ಆದರೆ ಅವು ಹುಟ್ಟುವುದು ಇಂತಹ ಠಾಣೆಗಳಲ್ಲಿ, ದೂರಿನ ಮೊದಲ ಹಾಳೆಯಲ್ಲಿ. ಆ ಹಾಳೆಯಲ್ಲಿ ಘಟನೆಗೆ 'ಅಪಘಾತ', 'ಕಾಣೆ' ಅಥವಾ 'ಅನೈತಿಕ ವ್ಯವಹಾರ' ಎಂದು ಹೆಸರಿಟ್ಟರೆ, ಮುಂದಿನ ತನಿಖೆ, ವಿಚಾರಣೆ, ಕೊನೆಗೆ ರಾಷ್ಟ್ರೀಯ ಅಂಕಿ ಅಂಶ ಎಲ್ಲವೂ ಅದೇ ಹೆಸರನ್ನು ಹೊತ್ತು ಸಾಗುತ್ತವೆ. ಹಾಗಾಗಿ, ದೌರ್ಜನ್ಯ ಎಷ್ಟು ನಡೆದಿದೆ ಎಂದು ಕೇಳುವ ಮುನ್ನ, ಅದನ್ನು ಯಾರು ಯಾವ ಹೆಸರಿನಲ್ಲಿ ಬರೆದುಕೊಂಡರು ಎಂದು ಕೇಳಬೇಕಾಗುತ್ತದೆ.

1,133 ಸಾವು, 157 ಕೊಲೆ

ಈ ಪ್ರಶ್ನೆಯನ್ನು ಬೆಂಗಳೂರು ಹಿಂದೆಯೇ ಎದುರಿಸಿದೆ. 1997ರಲ್ಲಿ ನಗರದಲ್ಲಿ ದಾಖಲಾದ ಮಹಿಳೆಯರ ಅಸಹಜ ಸಾವುಗಳ ಸಂಖ್ಯೆ 1,133. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಲಾದದ್ದು 157 ಮಾತ್ರ. 546 ಸಾವುಗಳು ಆತ್ಮಹತ್ಯೆ, 430 ಸಾವುಗಳು ಅಪಘಾತ ಎಂದು ಕಡತ ಸೇರಿದವು. 1979ರಿಂದ ನಗರದಲ್ಲಿ ಕೆಲಸ ಮಾಡುತ್ತಿರುವ ಮಹಿಳಾ ಸಂಘಟನೆ 'ವಿಮೋಚನಾ' ಈ ವರ್ಗೀಕರಣವನ್ನೇ ಪ್ರಶ್ನಿಸಿತು.

ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಮಹಿಳೆಯರೊಂದಿಗೆ ಮಾತನಾಡಿದರು, ಪೊಲೀಸ್ ದಾಖಲೆಗಳೊಂದಿಗೆ ಅವರ ಮಾತನ್ನು ಹೋಲಿಸಿದರು. ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ತನಿಖೆಯಾದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಕಾರಣ 'ಸ್ಟೌ ಸಿಡಿತ' ಅಥವಾ 'ಅಡುಗೆಮನೆ ಅಪಘಾತ'. ಗಂಡ ಹಾಗೂ ಆತನ ಮನೆಯವರು ಹಾಸಿಗೆಯ ಪಕ್ಕದಲ್ಲೇ ನಿಂತಿರುವಾಗ, ಮಕ್ಕಳು ಅದೇ ಮನೆಯಲ್ಲಿ ಬೆಳೆಯಬೇಕಿರುವಾಗ, ಸಾವಿನಂಚಿನಲ್ಲಿರುವ ಮಹಿಳೆ ಬೇರೇನು ಹೇಳಿಯಾಳು? ಸ್ಟೌ ಸಿಡಿಯುವುದು ಸೊಸೆ ಅಡುಗೆಮನೆಯಲ್ಲಿ ಇರುವಾಗ ಮಾತ್ರವೇ ಎಂಬ ಮಹಿಳಾ ಸಂಘಟನೆಗಳ ಪ್ರಶ್ನೆಗೆ ಕಡತಗಳಲ್ಲಿ ಉತ್ತರವಿರಲಿಲ್ಲ.

ಕಾನೂನು ಆಗಲೂ ಇತ್ತು ಎಂಬುದನ್ನು ಗಮನಿಸಬೇಕು. ಗಂಡ ಮತ್ತು ಆತನ ಸಂಬಂಧಿಕರ ಕ್ರೌರ್ಯವನ್ನು ಅಪರಾಧವಾಗಿಸಿದ ಭಾರತೀಯ ದಂಡ ಸಂಹಿತೆಯ 498ಎ ಕಲಂ 1983ರಲ್ಲಿ, ವರದಕ್ಷಿಣೆ ಸಾವಿನ ಕುರಿತ 304ಬಿ ಕಲಂ 1986ರಲ್ಲಿ ಸೇರ್ಪಡೆಯಾಗಿದ್ದವು. ಮದುವೆಯಾದ ಏಳು ವರ್ಷಗಳೊಳಗಿನ ಅಸಹಜ ಸಾವನ್ನು ಕಾನೂನು ವಿಶೇಷ ಅನುಮಾನದಿಂದಲೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಎರಡು ಅಪರಾಧಗಳು 85 ಹಾಗೂ 80ನೇ ಕಲಮುಗಳಾಗಿ ಮುಂದುವರಿದಿವೆ. ಆದರೆ ಕಲಮುಗಳು ಬಳಕೆಗೆ ಬರುವುದು ಸಾವನ್ನು ಅಪರಾಧ ಎಂದು ಬರೆದುಕೊಂಡಾಗ ಮಾತ್ರ. 'ಯುಡಿಆರ್' ಎಂದು ಠಾಣೆಗಳಲ್ಲಿ ಕರೆಯಲಾಗುವ ಅಸಹಜ ಸಾವಿನ ವರದಿಯಲ್ಲೇ ಕಡತ ಮುಕ್ತಾಯವಾದರೆ, ಕಲಮುಗಳು ಎಷ್ಟು ಕಠಿಣವಾಗಿದ್ದರೂ ಪ್ರಯೋಜನವಿಲ್ಲ.

ಸಮೀಕ್ಷೆ ಹೇಳುವುದು ಒಂದು, ಠಾಣೆ ಹೇಳುವುದು ಇನ್ನೊಂದು

ಠಾಣೆಯ ಲೆಕ್ಕಕ್ಕೂ ಮನೆಯೊಳಗಿನ ವಾಸ್ತವಕ್ಕೂ ಇರುವ ಅಂತರವನ್ನು ಸಂಶೋಧನೆಗಳು ಈಗ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತಿವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ನಾಲ್ಕನೇ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆಯ ಹೆಚ್ಚಳದ ಪಾಲೆಷ್ಟು, ಹೇಳಿಕೊಳ್ಳುವ ಧೈರ್ಯದ ಪಾಲೆಷ್ಟು ಎಂಬುದು ಚರ್ಚೆಯ ವಿಷಯ. ಹಿಂಸೆ ವ್ಯಾಪಕವಾಗಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ, 2022ರಲ್ಲಿ ರಾಜ್ಯದಲ್ಲಿ ದಾಖಲಾದ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ಅಪರಾಧಗಳು 17,813. ಸಮೀಕ್ಷೆಯೂ ಪೊಲೀಸ್ ದಾಖಲೆಯೂ ಅಳೆಯುವ ಬಗೆ ಬೇರೆ, ಎರಡನ್ನೂ ನೇರವಾಗಿ ತೂಗಲಾಗದು. ಆದರೂ ನಡುವಿನ ಕಂದಕ ಕಣ್ಣಿಗೆ ಹೊಡೆಯುವಂತಿದೆ. ಕಾರಣ ಅದೇ ಸಮೀಕ್ಷೆಯಲ್ಲಿದೆ: ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ 14ರಷ್ಟು ಮಾತ್ರ.

ಕಾಣೆಯಾದವಳು ಯಾರು?

ಮಾನವ ಕಳ್ಳಸಾಗಣೆಯಲ್ಲಿ ಹೆಸರಿನ ಈ ಗೊಂದಲ ಇನ್ನೂ ತೀವ್ರ. ಗಾರ್ಮೆಂಟ್ಸ್, ಬ್ಯೂಟಿ ಪಾರ್ಲರ್ ಅಥವಾ ಮನೆಗೆಲಸದ ಆಮಿಷಕ್ಕೆ ಊರು ಬಿಟ್ಟ ಯುವತಿ ತನ್ನೂರಿನ ಠಾಣೆಯಲ್ಲಿ 'ಕಾಣೆಯಾದವಳು'. ನಗರದ ದಾಳಿಯೊಂದರಲ್ಲಿ ಸಿಕ್ಕಿದರೆ ಆಕೆ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಸಿಕ್ಕಿಬಿದ್ದವಳು. ಮನೆಯೊಂದರಲ್ಲಿ ಸಂಬಳವಿಲ್ಲದೆ, ಹೊರಹೋಗಲು ಬಿಡದೆ ದುಡಿಸಿಕೊಳ್ಳುತ್ತಿದ್ದರೆ ಅದು 'ಕೂಲಿ ವಿವಾದ'. ಮೂರೂ ಕಡೆ ಇರುವವಳು ಒಬ್ಬಳೇ ಆಗಿರಬಹುದು. ಆದರೆ 'ಮಾನವ ಕಳ್ಳಸಾಗಣೆ' ಎಂಬ ಪದ ಮೂರೂ ಕಡತಗಳಲ್ಲಿ ಇಲ್ಲದಿರಬಹುದು.

ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಸಂಸತ್ತಿಗೆ ನೀಡಿದ ಮಾಹಿತಿಯಂತೆ, 2019ರಿಂದ 2021ರವರೆಗಿನ ಮೂರು ವರ್ಷಗಳಲ್ಲಿ ದೇಶದಲ್ಲಿ ಕಾಣೆಯಾದ ಮಹಿಳೆಯರು ಹಾಗೂ ಬಾಲಕಿಯರು 13.13 ಲಕ್ಷ. 2022ರಲ್ಲಿ ದೇಶದಾದ್ಯಂತ ದಾಖಲಾದ ಮಾನವ ಕಳ್ಳಸಾಗಣೆ ಪ್ರಕರಣಗಳು 2,250. ಕಾಣೆಯಾದವರೆಲ್ಲರೂ ಕಳ್ಳಸಾಗಣೆಗೆ ಒಳಗಾದವರಲ್ಲ. ಮನೆಯವರ ಹಿಂಸೆ ತಾಳದೆ ಹೊರಟವರು, ಮೆಚ್ಚಿದವರೊಡನೆ ಹೋದವರು ಇದ್ದಾರೆ. ಅನೇಕರು ಮರಳಿಯೂ ಬಂದಿದ್ದಾರೆ. ಆದರೆ 'ಯಾರ ಜೊತೆಗೋ ಹೋಗಿರಬೇಕು' ಎಂಬ ಊಹೆ ತನಿಖೆಯ ಜಾಗದಲ್ಲಿ ಕುಳಿತರೆ, ಸಾಗಿಸುವವರಿಗೆ ಬೇಕಾದ ಸಮಯ ತಾನಾಗಿಯೇ ಸಿಗುತ್ತದೆ.

ಮಕ್ಕಳ ವಿಷಯದಲ್ಲಿ ಈ ಊಹೆಯನ್ನು ಸುಪ್ರೀಂ ಕೋರ್ಟ್ ತಿರುಗಿಸಿತು. ಬಚ್‌ಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ 2013ರ ಮೇ 10ರಂದು ನೀಡಿದ ಆದೇಶದಂತೆ, ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ದಾಖಲಿಸಬೇಕು. ಅಪಹರಣ ಅಥವಾ ಕಳ್ಳಸಾಗಣೆ ಎಂದು ಭಾವಿಸಿಯೇ ತನಿಖೆ ಆರಂಭಿಸಬೇಕು. 18 ವರ್ಷ ದಾಟಿದ ಮಹಿಳೆಗೆ ಇಂತಹ ರಕ್ಷಣೆಯಿಲ್ಲ. ವಯಸ್ಕಳಿಗೆ ತನ್ನಿಚ್ಛೆಯಂತೆ ಹೋಗುವ ಹಕ್ಕಿದೆ ಎಂಬುದು ನಿಜ. ಆದರೆ ಆಕೆ ಇಚ್ಛೆಯಿಂದಲೇ ಹೋದಳೇ ಎಂದು ವಿಚಾರಿಸುವುದು ಆ ಹಕ್ಕಿಗೆ ವಿರುದ್ಧವಲ್ಲ. ಆಮಿಷ, ವಂಚನೆ ಅಥವಾ ಬೆದರಿಕೆಯಿಂದ ಶೋಷಣೆಗಾಗಿ ಸಾಗಿಸಿದಾಗ ಆಕೆಯ ಒಪ್ಪಿಗೆ ಗಣನೆಗೆ ಬರುವುದಿಲ್ಲ ಎಂದು 2013ರ ತಿದ್ದುಪಡಿಯೇ ಹೇಳಿತ್ತು. ಈಗಿನ ನ್ಯಾಯ ಸಂಹಿತೆಯ 143ನೇ ಕಲಮೂ ಅದನ್ನೇ ಹೇಳುತ್ತದೆ.

ಕ್ಯಾಮೆರಾ ಇದ್ದಲ್ಲಿ ಪ್ರಕರಣ

ಇತ್ತೀಚಿನ ವರ್ಷಗಳಲ್ಲಿ ನಗರದ ಗಮನ ಸೆಳೆದ ಎರಡು ಘಟನೆಗಳು ಇನ್ನೊಂದು ಅಂಶವನ್ನು ಬಯಲು ಮಾಡಿದವು. 2021ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ರಾಮಮೂರ್ತಿನಗರದಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಬೆಳಕಿಗೆ ಬಂದದ್ದು ದೂರಿನಿಂದಲ್ಲ, ಜಾಲತಾಣದಲ್ಲಿ ಹರಿದಾಡಿದ ವಿಡಿಯೊದಿಂದ. ತನಿಖೆ ಮುಂದುವರಿದಂತೆ ಗಡಿಯಾಚೆಯಿಂದ ಯುವತಿಯರನ್ನು ಕರೆತರುವ ಜಾಲವೇ ಹೊರಬಿತ್ತು. 2022ರ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪೊಲೀಸರು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ತೀರ್ಪು ಸಾಧ್ಯ ಎಂಬುದಕ್ಕೂ ಇದು ನಿದರ್ಶನ.

2025ರ ಏಪ್ರಿಲ್‌ನಲ್ಲಿ ಪುಟ್ಟೇನಹಳ್ಳಿಗೆ ಸಮೀಪದ ಬಿಟಿಎಂ ಲೇಔಟ್‌ನ ಸುದ್ದಗುಂಟೆಪಾಳ್ಯದಲ್ಲಿ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಸಂತ್ರಸ್ತೆ ದೂರು ನೀಡಿರಲಿಲ್ಲ. ಸಿಸಿಟಿವಿ ದೃಶ್ಯ ಬಹಿರಂಗವಾದ ಬಳಿಕ ಪೊಲೀಸರು ಆರೋಪಿಯನ್ನು ಕೇರಳದಲ್ಲಿ ಬಂಧಿಸಿದರು. ದೊಡ್ಡ ನಗರಗಳಲ್ಲಿ ಇಂತಹ ಘಟನೆಗಳು ನಡೆಯುತ್ತವೆ ಎಂಬರ್ಥದ ಮಾತನಾಡಿದ್ದ ಗೃಹ ಸಚಿವ ಜಿ. ಪರಮೇಶ್ವರ ಟೀಕೆಯ ನಂತರ ವಿಷಾದ ವ್ಯಕ್ತಪಡಿಸಬೇಕಾಯಿತು.

ಎರಡೂ ಪ್ರಕರಣಗಳಲ್ಲಿ ದೂರುದಾರರ ಕೆಲಸವನ್ನು ಕ್ಯಾಮೆರಾ ಮಾಡಿತು. ಅಡುಗೆಮನೆಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ, ರಾತ್ರಿ ಬಸ್ಸಿನಲ್ಲಿ ಕ್ಯಾಮೆರಾ ಇರುವುದಿಲ್ಲ. ಅಲ್ಲಿ ನಡೆದದ್ದಕ್ಕೆ ಇರುವ ಏಕೈಕ ಆಸರೆ ಠಾಣೆಯ ಮೊದಲ ಹಾಳೆಯೇ.

'ಬಂಧನ'ವೋ 'ರಕ್ಷಣೆ'ಯೋ?

ಹೆಸರಿಡುವ ಹೊಣೆ ಪೊಲೀಸರದ್ದಷ್ಟೇ ಅಲ್ಲ, ಪತ್ರಿಕೆಗಳದ್ದೂ ಹೌದು. ಒಂದೇ ದಾಳಿಯ ಸುದ್ದಿ ಒಂದು ಪತ್ರಿಕೆಯಲ್ಲಿ 'ಯುವತಿಯರ ಬಂಧನ' ಎಂದೂ ಇನ್ನೊಂದರಲ್ಲಿ 'ಯುವತಿಯರ ರಕ್ಷಣೆ' ಎಂದೂ ಅಚ್ಚಾಗುವುದುಂಟು. ಆ ಒಂದು ಪದ ಸಾಕು, ಓದುಗನ ಕಣ್ಣಲ್ಲಿ ಆಕೆ ಆರೋಪಿಯೋ ಸಂತ್ರಸ್ತೆಯೋ ಎಂಬುದು ನಿರ್ಧಾರವಾಗಲು. ದಾಳಿಗಳ ವೇಳೆ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು, ದಂಡಿಸಬಾರದು, ಮಾಧ್ಯಮಗಳು ಅವರ ಗುರುತು ಬಹಿರಂಗಪಡಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶನ ನೀಡಿದೆ. ಮುಖ ಮುಚ್ಚಿಕೊಂಡ ಯುವತಿಯರ ಸಾಲು ಚಿತ್ರ ಸುದ್ದಿಯಲ್ಲ, ಅವರನ್ನು ಕರೆತಂದವರು ಯಾರು ಎಂಬುದೇ ಸುದ್ದಿ.

ತನಿಖಾಧಿಕಾರಿಗಳ ಕಷ್ಟವನ್ನೂ ಅಲ್ಲಗಳೆಯುವಂತಿಲ್ಲ. ಶೋಷಣೆಯ ಉದ್ದೇಶವನ್ನು ಸಾಬೀತುಪಡಿಸುವುದು ಸುಲಭವಲ್ಲ, ಸಾಕ್ಷಿಗಳು ಹೊರರಾಜ್ಯದವರು, ಸಂತ್ರಸ್ತೆಗೆ ಊರಿಗೆ ಮರಳುವ ಭಯ. ಆದರೆ ಕೆಲವು ಕ್ರಮಗಳಿಗೆ ಹೊಸ ಕಾನೂನು ಬೇಕಿಲ್ಲ. ಮದುವೆಯಾದ ಏಳು ವರ್ಷಗಳೊಳಗಿನ ಅಸಹಜ ಸಾವಿನ ಕಡತಗಳು ಹೇಗೆ ಮುಕ್ತಾಯವಾದವು ಎಂಬ ಠಾಣಾವಾರು ವಿವರವನ್ನು, ಹೆಸರುಗಳನ್ನು ಬಿಟ್ಟು, ಪ್ರತಿ ವರ್ಷ ಪ್ರಕಟಿಸಬಹುದು. ನಿಗದಿತ ಅವಧಿಯಲ್ಲಿ ಪತ್ತೆಯಾಗದ ಮಹಿಳೆಯರ ಪ್ರಕರಣಗಳನ್ನು ಮಾನವ ಕಳ್ಳಸಾಗಣೆ ತಡೆ ಘಟಕ ಮರುಪರಿಶೀಲಿಸಬಹುದು. ದಾಳಿಯ ಸುದ್ದಿ ಬರೆದ ಪತ್ರಿಕೆ ಆರು ತಿಂಗಳ ನಂತರ ಆರೋಪಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಮತ್ತೊಮ್ಮೆ ವಿಚಾರಿಸಬಹುದು.

1997ರ 430 'ಅಪಘಾತ'ಗಳ ಕಡತಗಳನ್ನು ಇಂದು ತೆರೆದರೂ ಉತ್ತರ ಸಿಗುವುದು ಕಷ್ಟ. ಆದರೆ ಈ ವರ್ಷದ ಕಡತಗಳು ಇನ್ನೂ ಮೇಜಿನ ಮೇಲಿವೆ. ಸಂಕಷ್ಟದಲ್ಲಿರುವವರಿಗಾಗಿ 112 ಹಾಗೂ ಮಹಿಳಾ ಸಹಾಯವಾಣಿ 181 ಇವೆ. ಆ ಕರೆಗೆ ಓಗೊಟ್ಟವರು ಹಾಳೆಯ ಮೇಲೆ ಏನು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.