ಅರ್ಥಿಂಗ್ ಯಾರು ಮಾಡಿಸಬೇಕು?

ಎಲೆಕ್ಟ್ರಿಕ್ ಕಾರನ್ನು ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಮುಂಬೈಯಿಂದ ದೆಹಲಿಯವರೆಗೆ ಸಿಗುವ ಸಲಹೆ ಎರಡೇ. ಗುಡುಗಿದರೆ ಪ್ಲಗ್ ಕಿತ್ತಿಡಿ. ಭಯವಿದ್ದರೆ ಸ್ಟೆಬಿಲೈಸರ್ ಹಾಕಿಸಿ. ಮೊದಲನೆಯದು ಒಳ್ಳೆಯ ಸಲಹೆಯೇ. ಆದರೆ ರಾತ್ರಿ ಎರಡಕ್ಕೆ ಗುಡುಗಿದರೆ ಹನ್ನೊಂದನೇ ಮಹಡಿಯಿಂದ ಬೇಸ್‌ಮೆಂಟಿಗೆ ಓಡುವವರು ಯಾರು? ಎರಡನೆಯದು ಸರ್ಜ್‌ನ ಮಟ್ಟಿಗೆ ತಪ್ಪು ಸಲಹೆ. ಎರಡೂ ಸೇರಿ ಮಾಡುವ ಕೆಲಸ ಒಂದೇ: ಹೊಣೆಯನ್ನೆಲ್ಲ ಕಾರು ಕೊಂಡವರ ತಲೆಗೆ ಕಟ್ಟುವುದು. ಬಿಲ್ಡರ್, ಸೊಸೈಟಿ, ಕಾರು ಮಾರಿದವರು ಎಲ್ಲರೂ ಆರಾಮಾಗಿ ಪಾರು. ಇದನ್ನು ಒಪ್ಪಿಕೊಂಡು ಕೂರಬಾರದು ಎಂಬುದೇ ಈ ಬರಹದ ತಕರಾರು.

ಮೊದಲು ತೊಂದರೆಗಳನ್ನು ಬೇರ್ಪಡಿಸಿ ನೋಡೋಣ. ‘ವೋಲ್ಟೇಜ್ ಜಾಸ್ತಿ ಬಂತು’ ಎಂದು ನಾವು ಹೇಳುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, 230 ವೋಲ್ಟ್ ಇರಬೇಕಾದದ್ದು ದಿನವಿಡೀ ಏರುತ್ತ ಇಳಿಯುತ್ತ ಇರುವುದು. ಸ್ಟೆಬಿಲೈಸರ್ ಇರುವುದು ಇದಕ್ಕೆ. ಎರಡು, ನ್ಯೂಟ್ರಲ್ ಕಡಿದುಹೋಗುವುದು. ಮೂರು ಫೇಸ್ ಬರುವ ಕಟ್ಟಡದಲ್ಲಿ ಹೀಗಾದರೆ ಕೆಲವು ಮನೆಗಳಿಗೆ 400 ವೋಲ್ಟ್ ಹತ್ತಿರದವರೆಗೂ ನುಗ್ಗಬಹುದು, ಯಾರಾದರೂ ಮೇನ್ ಆಫ್ ಮಾಡುವವರೆಗೆ ಹಾಗೆಯೇ ಇರಬಹುದು. ಇದಕ್ಕೆ ಬೇಕಾದದ್ದು ಮಿತಿ ಮೀರಿದ ಕೂಡಲೇ ಲೈನ್ ಕತ್ತರಿಸುವ ಓವರ್ ವೋಲ್ಟೇಜ್ ರಿಲೇ. ಮೂರನೆಯದು ನಿಜವಾದ ಸರ್ಜ್. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಸಾವಿರಾರು ವೋಲ್ಟ್ ತಂತಿಯ ಮೇಲೆ ಹತ್ತಿ, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಬಂದು ಹೋಗುತ್ತದೆ. ಸ್ಟೆಬಿಲೈಸರ್ ಕಣ್ಣುಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಂಸಿಬಿಯೂ ಇದನ್ನು ತಡೆಯುವುದಿಲ್ಲ. ತಡೆಯುವುದು ಸರ್ಜ್ ಪ್ರೊಟೆಕ್ಷನ್ ಡಿವೈಸ್, ಅಂದರೆ ಎಸ್‌ಪಿಡಿ.

ಟಿವಿಗೂ ಇದೇ ಅಪಾಯವಿಲ್ಲವೇ ಎಂದು ಕೇಳಬಹುದು. ಇದೆ. ಆದರೆ ಕಾರು ಇಡೀ ರಾತ್ರಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಲೈನಿಗೆ ಅಂಟಿಕೊಂಡಿರುತ್ತದೆ. ಪೆಟ್ಟು ಬೀಳುವುದು ಗೋಡೆಯ ಮೇಲಿನ ಚಾರ್ಜರ್‌ಗೆ ಮತ್ತು ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುವ, ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್‌ಗೆ. ಟಿವಿ ರಿಪೇರಿಯ ದುಡ್ಡಿನಲ್ಲಿ ಮುಗಿಯುವ ಬಾಬತ್ತಲ್ಲ ಅದು.

ಹಾಗಾದರೆ ಕಾರಿನವರೇ ಒಂದು ಎಸ್‌ಪಿಡಿ ಕೊಂಡರಾಯಿತಲ್ಲ? ವಾದ ಸಿಕ್ಕಿಕೊಳ್ಳುವುದು ಇಲ್ಲೇ. ಎಸ್‌ಪಿಡಿ ಸರ್ಜನ್ನು ನುಂಗಿ ಅರಗಿಸಿಕೊಳ್ಳುವ ಪೆಟ್ಟಿಗೆಯಲ್ಲ. ಅದು ಸರ್ಜನ್ನು ಭೂಮಿಗೆ ತಿರುಗಿಸುವ ಬಾಗಿಲು. ಬಾಗಿಲಾಚೆ ದಾರಿಯೇ ಇಲ್ಲದಿದ್ದರೆ, ಅಂದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ, ಅದು ಬರೀ ಅಲಂಕಾರ. ಮೊದಲ ಎಸ್‌ಪಿಡಿ ಇರಬೇಕಾದದ್ದು ಕಟ್ಟಡದ ಮೇನ್ ಪ್ಯಾನಲ್ಲಿನಲ್ಲಿ. ಚಾರ್ಜರ್ ಅಲ್ಲಿಂದ ಹತ್ತು ಮೀಟರಿಗಿಂತ ದೂರವಿದ್ದರೆ ಅದರ ಹತ್ತಿರ ಇನ್ನೊಂದು ಬೇಕು. ಎರಡನ್ನೂ ಜೋಡಿಸುವ ತಂತಿ ಗಿಡ್ಡವಾಗಿರಬೇಕು. ಉದ್ದವಾದಷ್ಟೂ ರಕ್ಷಣೆ ಸೋರಿಹೋಗುತ್ತದೆ. ಈಗ ಹೇಳಿ, ಮೇನ್ ಪ್ಯಾನಲ್ ಯಾರದು? ಅರ್ಥ್ ಪಿಟ್ ಯಾರದು? ಎರಡಕ್ಕೂ ಬೀಗ ಹಾಕಿಟ್ಟಿರುವುದು ಸೊಸೈಟಿ. ಬೀಗದ ಕೈ ತಾನಿಟ್ಟುಕೊಂಡು, ‘ನಿಮ್ಮ ಸ್ವಂತ ರಿಸ್ಕಿನಲ್ಲಿ’ ಎಂದು ಕಾರಿನವರಿಂದ ಸಹಿ ಹಾಕಿಸಿಕೊಳ್ಳುವುದು ಯಾವ ನ್ಯಾಯ?

ಅರ್ಥಿಂಗ್ ಕೆಟ್ಟಿದೆ ಎಂದು ಕಾರು ತಾನೇ ಹೇಳುವುದೂ ಉಂಟು. ಅನೇಕ ಚಾರ್ಜರ್‌ಗಳು ಅರ್ಥ್ ಸಿಗದಿದ್ದರೆ ಕೆಲಸ ಮಾಡಲು ಒಪ್ಪುವುದಿಲ್ಲ. ಆಗ ನಮ್ಮ ಜುಗಾಡ್ ಬುದ್ಧಿ ಏನು ಮಾಡುತ್ತದೆ? ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸಿ ಚಾರ್ಜರ್‌ನ ಕಣ್ಣಿಗೆ ಮಣ್ಣೆರಚುತ್ತದೆ. ಚಾರ್ಜಿಂಗ್ ಶುರುವಾಗುತ್ತದೆ, ಎಲ್ಲರಿಗೂ ಖುಷಿ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ 230 ವೋಲ್ಟ್ ಬರಬಹುದು. ಮುಟ್ಟುವುದು ಕಾರು ತೊಳೆಯಲು ಬಂದ ಹುಡುಗನೂ ಆಗಿರಬಹುದು. ಇದನ್ನು ಮಾಡಿಕೊಡುವವರನ್ನು ಬೈಯುವುದು ಸುಲಭ. ಅರ್ಥ್ ಪಿಟ್ಟಿಗೆ ವರ್ಷಗಟ್ಟಲೆ ಯಾರೂ ಮೀಟರ್ ಇಡದ ಕಟ್ಟಡದಲ್ಲಿ ಅವರಿಗೆ ಬೇರೆ ದಾರಿ ಏನಿತ್ತು ಎಂದೂ ಕೇಳಬೇಕು.

ಅನುವಾದ ನನ್ನ ಹೊಟ್ಟೆಪಾಡು. ವಿದ್ಯುತ್ ಉಪಕರಣಗಳ ಕೈಪಿಡಿಗಳಲ್ಲಿ ಒಂದು ವಾಕ್ಯ ತಪ್ಪದೆ ಎದುರಾಗುತ್ತದೆ: ‘ಸೂಕ್ತ ಅರ್ಥಿಂಗ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.’ ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವನ್ನು ಬಚ್ಚಿಡುವುದಿಲ್ಲ. ‘ಮಾಡುತ್ತೇನೆ’ ಅಂದರೆ ನಾನು, ‘ಮಾಡುತ್ತಾರೆ’ ಅಂದರೆ ಅವರು. ‘ಬೇಕು’ ಮಾತ್ರ ಯಾರ ಹೆಸರನ್ನೂ ಹೇಳುವುದಿಲ್ಲ. ‘ಮಾಡಬೇಕು’ ಅಂದರೆ ನಾನೂ ಆಗಬಹುದು, ನೀವೂ ಆಗಬಹುದು, ಯಾರೂ ಆಗದೆಯೂ ಇರಬಹುದು. ಸರ್ಜ್ ರಕ್ಷಣೆಯ ಇಡೀ ವ್ಯವಹಾರ ಈ ‘ಬೇಕು’ವಿನ ಮರೆಯಲ್ಲಿ ಕೂತಿದೆ. ಅದರ ಮೇಲೆ, ಇಂಥ ವಾಕ್ಯ ಎಷ್ಟೋ ಸಲ ಇಂಗ್ಲಿಷಿನಲ್ಲೇ ಉಳಿದುಬಿಡುತ್ತದೆ. ತಂತಿ ಹಿಡಿದು ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ಅದನ್ನು ಅವರ ಭಾಷೆಯಲ್ಲಿ ಕೊಡುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಸರ್ಕಾರವೂ ‘ಬೇಕು’ ಎಂದೇ ಹೇಳಿದೆ. 2019ರಲ್ಲಿ ತಿದ್ದುಪಡಿಯಾದ ಮಾದರಿ ಕಟ್ಟಡ ಉಪವಿಧಿಗಳು ಪಾರ್ಕಿಂಗ್‌ನ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಬೇಕೆಂದವು. 2022ರ ಜನವರಿಯ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ, ಈಗಿರುವ ಮನೆಯ ಕನೆಕ್ಷನ್ನಿನಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಎಂದಿತು. ಒಳ್ಳೆಯದೇ. ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಮೂವತ್ತು ವರ್ಷ ಹಳೆಯ ಕಟ್ಟಡದ ತುಕ್ಕು ಹಿಡಿದ ಅರ್ಥ್ ಪಟ್ಟಿ ಹೊಸದಾಗುವುದಿಲ್ಲ.

‘ನಾಲ್ಕು ಜನರ ಕಾರಿಗಾಗಿ ನಾವೆಲ್ಲ ಯಾಕೆ ದುಡ್ಡು ಕೊಡಬೇಕು?’ ಎಂಬುದು ಸೊಸೈಟಿ ಸಭೆಗಳ ಖಾಯಂ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ, ಉತ್ತರವೂ ಇದೆ. ಚಾರ್ಜರ್, ಅದರ ಕೇಬಲ್, ಅದರ ಪಕ್ಕದ ಎಸ್‌ಪಿಡಿ, ಆರ್‌ಸಿಸಿಬಿ, ರಿಲೇ ಕಾರಿನವರ ಖರ್ಚು. ಅರ್ಥ್ ಪಿಟ್ ಮತ್ತು ಮೇನ್ ಪ್ಯಾನಲ್ಲಿನ ಎಸ್‌ಪಿಡಿ ಎಲ್ಲರ ಖರ್ಚು, ಏಕೆಂದರೆ ಅವು ಲಿಫ್ಟನ್ನೂ ನೀರಿನ ಪಂಪನ್ನೂ ಕಾರೇ ಇಲ್ಲದವರ ಫ್ರಿಜ್ಜನ್ನೂ ಕಾಯುತ್ತವೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಅರ್ಥ್ ರೆಸಿಸ್ಟೆನ್ಸನ್ನು ಕೊನೆಯ ಸಲ ಅಳೆದದ್ದು ಯಾವಾಗ? ಮಳೆಗಾಲದ ಅಂಕಿ ತೋರಿಸಿದರೆ ಒಪ್ಪಬೇಡಿ. ಮಣ್ಣು ಒಣಗಿದ ಬೇಸಿಗೆಯ ಅಂಕಿಯೇ ನಿಜ ಹೇಳುವುದು. ಮೇನ್ ಪ್ಯಾನಲ್ಲಿನಲ್ಲಿ ಎಸ್‌ಪಿಡಿ ಇದೆಯೇ, ಇದ್ದರೆ ಅದರ ಸೂಚಕ ಇನ್ನೂ ಹಸಿರಾಗಿದೆಯೇ? ಪೆಟ್ಟು ತಿಂದು ತಿಂದು ಅದೂ ಸವೆಯುತ್ತದೆ. ಕೊನೆಯದಾಗಿ, ಇದನ್ನೆಲ್ಲ ಪ್ರತಿವರ್ಷ ನೋಡಿಕೊಳ್ಳುವವರು ಯಾರು? ಸಭೆಯ ನಡಾವಳಿಯಲ್ಲಿ ‘ನೋಡಿಕೊಳ್ಳಬೇಕು’ ಎಂದು ಬರೆದರೆ ಸಹಿ ಹಾಕಬೇಡಿ. ‘ನೋಡಿಕೊಳ್ಳುತ್ತಾರೆ’ ಎಂದು ಬರೆಸಿ, ಅದರ ಹಿಂದೆ ಒಂದು ಹೆಸರನ್ನೂ ಬರೆಸಿ.