ಹಿತ್ತಲ ಬೆಳಕು

ಕೈಯಲ್ಲಿರುವ ಫೋನಿನಿಂದ ದಿನಕ್ಕೆ ಹತ್ತಾರು ಚಿತ್ರಗಳನ್ನು ತೆಗೆಯುವ ಮನೆಗಳಲ್ಲಿಯೂ, ಹಿರಿಯರೊಬ್ಬರು ತೀರಿಕೊಂಡ ದಿನ ಗೋಡೆಗೆ ಹಾಕಲು ತಕ್ಕ ಭಾವಚಿತ್ರವೊಂದು ದೊರೆಯದೆ, ಆಧಾರ್ ಚೀಟಿಯ ಮೇಲಿನ ಹೆಬ್ಬೆರಳಗಲದ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸುವುದನ್ನು ಯಾರು ಕಂಡಿಲ್ಲ? ಬಜಾರಿನ ಸ್ಟುಡಿಯೋ ಎಂದರೆ ಅಜ್ಜಿಯರಿಗೆ ಸಂಕೋಚ. ಮಹಡಿಯ ಮೆಟ್ಟಿಲು, ಕಣ್ಣು ಕುಕ್ಕುವ ದೀಪ, ‘ಸ್ವಲ್ಪ ನಗ್ರೀ’ ಎಂದು ಅಪ್ಪಣೆ ಮಾಡುವ ಅಪರಿಚಿತ ತರುಣ! ಅವರು ನಿರಾಳವಾಗಿ ಕುಳಿತುಕೊಳ್ಳುವುದು ತಮ್ಮ ಹಿತ್ತಲಿನಲ್ಲಿ. ಹೀಗಿರುವಾಗ ಸ್ಟುಡಿಯೋವನ್ನೇ ಹಿತ್ತಲಿಗೆ ತರಬಾರದೇಕೆ? ಸೌದೆ, ಮುರುಕು ಸೈಕಲ್ಲು, ಹಳೆಯ ಹಂಡೆಗಳಿಗೆ ಬಿಟ್ಟುಕೊಟ್ಟಿರುವ ಆ ಷೆಡ್ಡು ಇದಕ್ಕೆ ಧಾರಾಳವಾಗಿ ಸಾಲುತ್ತದೆ.

ಇದು ಬಡತನದ ಉಪಾಯವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಪಶ್ಚಿಮ ಆಫ್ರಿಕದ ಬಮಾಕೋ ನಗರದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೆಯ್ದೂ ಕೇಯ್ಟಾ ಎಂಬಾತನು ಮನೆಯ ಅಂಗಳದಲ್ಲಿಯೇ ಹಗಲು ಬೆಳಕಿನಲ್ಲಿ ಜನರನ್ನು ಕೂರಿಸಿ ಚಿತ್ರ ತೆಗೆದನು. ಅವನ ಮೊದಲನೆಯ ಹಿಂಪರದೆ ಸ್ವಂತ ಮಂಚದ ಮೇಲ್ಹಾಸು! ಕೆಲವು ವರ್ಷಗಳಿಗೊಮ್ಮೆ ಪರದೆಯನ್ನು ಬದಲಾಯಿಸುತ್ತಿದ್ದುದರಿಂದ, ಯಾವ ಚಿತ್ರ ಯಾವ ಕಾಲದ್ದೆಂದು ಮುಂದೆ ಆ ಬಟ್ಟೆಯ ಹೂವುಗಳನ್ನು ನೋಡಿಯೇ ಹೇಳಬಲ್ಲವನಾದನು. ಇಂದು ಅವನ ಚಿತ್ರಗಳು ದೊಡ್ಡ ದೊಡ್ಡ ಕಲಾಶಾಲೆಗಳ ಗೋಡೆಗಳ ಮೇಲಿವೆ.

ಆದರೆ ಬೆಳಕಿನ ವಿಷಯದಲ್ಲಿ ಪರದೇಶದ ಪುಸ್ತಕಗಳನ್ನು ಕಣ್ಣುಮುಚ್ಚಿ ನಂಬಲಾಗದು. ಕಿಟಕಿ ಉತ್ತರಕ್ಕಿರಲಿ, ಅಲ್ಲಿ ನೇರ ಬಿಸಿಲು ಬೀಳದೆ ಆಕಾಶದ ಮೆತ್ತನೆಯ ಬೆಳಕು ಮಾತ್ರ ಬರುತ್ತದೆ ಎಂದು ಅವು ವಿಧಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಸ್ಟುಡಿಯೋಗಳು ಉತ್ತರಕ್ಕೆ ಗಾಜು ಹಾಕಿಸಿಕೊಂಡದ್ದು ಇದಕ್ಕಾಗಿಯೇ. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುವುದರಿಂದ ಆ ಮಾತು ಅಲ್ಲಿ ಸರಿ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದರೆ, ಮತ್ತೆ ದಕ್ಷಿಣಕ್ಕೆ ಇಳಿಯುವುದು ಆಗಸ್ಟ್ ನಡುವಿನಲ್ಲಿ. ಈ ಮೂರೂವರೆ ತಿಂಗಳು ನಮ್ಮ ಉತ್ತರದ ಕಿಟಕಿಗೂ ಬಿಸಿಲಿನ ಕಾಟವುಂಟು. ನಾಲ್ಕು ಅಡಿ ಎತ್ತರದ ಕಿಟಕಿಯಾದರೆ ಮೇಲೆ ಒಂದು ಅಡಿಯ ಸಜ್ಜ ಹಾಕಿಸಿದರೆ ಸಾಕು, ಹತ್ತರಿಂದ ಎರಡು ಗಂಟೆಯವರೆಗಿನ ಬಿಸಿಲು ತಪ್ಪುತ್ತದೆ. ಬೆಳಗು ಬೈಗುಗಳ ಓರೆ ಬಿಸಿಲಿಗೆ ಸಜ್ಜ ಅಡ್ಡಬರಲಾರದು. ಅದಕ್ಕೆ ಬಟ್ಟೆಯೇ ಬೇಕು.

ಬಟ್ಟೆಗೇನು ಬರ? ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಊರಿದು. ಗಿರಣಿಗಳ ಸದ್ದು ಅಡಗಿದರೂ ತೆಳ್ಳನೆಯ ಬಿಳಿ ಪಂಚೆ ಎಲ್ಲ ಮನೆಯಲ್ಲಿಯೂ ಇದೆ. ಅದನ್ನು ಕಿಟಕಿಗೆ ಬಿಗಿಯಾಗಿ ಕಟ್ಟಿದರೆ ಉರಿಬಿಸಿಲು ಪಂಚೆಯ ಅಗಲಕ್ಕೂ ಹರಡಿಕೊಂಡು, ಅಲ್ಲಿಯೇ ದೊಡ್ಡದೊಂದು ಮೆದು ದೀಪ ಹಚ್ಚಿದಂತಾಗುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ನೆರಳಿನ ಅಂಚು ಮೆತ್ತಗಾಗುವುದು. ಕಿಟಕಿಯ ಎದುರು ಬದಿಗೆ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಮುಖದ ಕತ್ತಲೆ ಭಾಗವೂ ತಿಳಿಯಾಗುತ್ತದೆ. ಗೋಡೆಗೆ ಸುಣ್ಣವೇ ಲೇಸು. ಮಾವಿನ ಚಿಗುರಿನ ಬಣ್ಣವೋ ತಿಳಿನೀಲಿಯೋ ಬಳಿಸಿದರೆ ಆ ಬಣ್ಣ ಮುಖಕ್ಕೂ ತಗಲುತ್ತದೆ. ಷೆಡ್ಡಿನ ಮೇಲಿನ ಹಸಿರು ಫೈಬರ್ ಹಾಳೆಯಂತೂ ಕೂತವರನ್ನು ಕಾಮಾಲೆಯ ರೋಗಿಗಳನ್ನಾಗಿ ಮಾಡಿಬಿಡುತ್ತದೆ. ಮೊದಲು ಅದನ್ನು ಕಿತ್ತುಹಾಕಬೇಕು.

ಈ ಮೆದು ಬೆಳಕು ಉರುಟಾದ ವಸ್ತುವಿನ ಮೇಲೆ ಹೇಗೆ ಹರಿಯುವುದೆಂದು ಕಣ್ಣಾರೆ ಕಾಣಬೇಕಾದವರು ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿಬರಲಿ. ಹೊಯ್ಸಳ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ತೆರೆದ ಮಂಟಪದಲ್ಲಿ ಕಡೆದು ನುಣುಪು ಮಾಡಿದ ಕಂಬಗಳಿವೆ. ಬಯಲಿನ ಕಡೆಗೆ ಮಿಂಚುವ ಕಲ್ಲು, ಒಳಕ್ಕೆ ತಿರುಗಿದಂತೆ ಇಷ್ಟಿಷ್ಟೇ ಮಬ್ಬಾಗುತ್ತ ಹೋಗುತ್ತದೆ. ಮನುಷ್ಯನ ಕೆನ್ನೆಯ ಮೇಲೆಯೂ ಬೆಳಕು ಹೀಗೆಯೇ ಸರಿಯಬೇಕು. (ಕಲ್ಲನ್ನು ಹೀಗೆ ಕಡೆದ ಊರಿನಲ್ಲಿಯೇ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ, ಮುಂದೆ ಅದರ ಲೇತು ಯಂತ್ರಗಳು ದೇಶವೆಲ್ಲ ಹೋದವು. ಕಾರ್ಖಾನೆ ಈಗ ಇಲ್ಲ.)

ಅದೇ ಹರಿಹರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಮ್ಮೆಯ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಹೊಡೆದು, ಇಂತಹ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಕ್ಯಾಮರಾ ಹಳೆಯದು, ಕೈಬದಲಾದದ್ದು. ಅದನ್ನು ಬಿಟ್ಟರೆ ಮಿಕ್ಕ ವೆಚ್ಚವೆಲ್ಲ ಸೇರಿ ಒಂದು ಮದುವೆಯ ಆಲ್ಬಮ್ಮಿನಷ್ಟೂ ಆಗಿಲ್ಲ. ಪಕ್ಕದ ಮನೆಯ ಅಜ್ಜಿ ಮೊದಲು ಬಾಗಿಲಲ್ಲಿಯೇ ನಿಂತು, “ನನ್ನ ಪಟ ಯಾಕೋ ತಮ್ಮಾ? ಸತ್ತ ಮೇಲೆ ಗ್ವಾಡಿಗೆ ಹಾಕಾಕೇನು?” ಎಂದು ಗದರಿದರಂತೆ. “ಅಲ್ಲಜ್ಜಿ, ಬೆಂಗಳೂರಿನ ಮೊಮ್ಮಗಳಿಗೆ ಕಳಿಸಾಕೆ,” ಎಂದ ಮೇಲೆ ಸೆರಗು ಸರಿಮಾಡಿಕೊಂಡು ಕುಳಿತರು. ಅವನು ‘ನಗು’ ಎನ್ನಲಿಲ್ಲ; ಎಮ್ಮೆ ಎಷ್ಟು ಹಾಲು ಕೊಡುತ್ತಿತ್ತೆಂದು ಕೇಳಿದನು. ಆ ಲೆಕ್ಕ ಹೇಳುವಾಗಿನ ಮುಖವನ್ನು ನಾನು ನೋಡಿದ್ದೇನೆ. ಯಾವ ಬಜಾರಿನ ದೀಪಕ್ಕೂ ಅದು ಸಿಕ್ಕುತ್ತಿರಲಿಲ್ಲ.

ಅಳತೆಯೊಂದನ್ನು ಹೇಳಿಬಿಡುತ್ತೇನೆ. ಷೆಡ್ಡಿನ ಉದ್ದ ಹದಿನಾಲ್ಕು ಅಡಿಗೆ ಕಡಮೆಯಿರಬಾರದು. ಕೂತವರ ಬೆನ್ನಿಗೂ ಪರದೆಗೂ ನಾಲ್ಕು ಅಡಿ ಇಲ್ಲದಿದ್ದರೆ ಅವರ ನೆರಳು ಪರದೆಯ ಮೇಲೆ ಬೀಳುತ್ತದೆ. ಕ್ಯಾಮರಾ ಆರು ಅಡಿಗಿಂತ ಹತ್ತಿರ ಬಂದರೆ ಮೂಗು ದಪ್ಪವಾಗಿ ಕಿವಿ ಸಣ್ಣದಾಗುತ್ತದೆ. ಫೋನಿನಲ್ಲಿ ತೆಗೆಯುವವರೂ ಅಷ್ಟೇ ದೂರ ನಿಂತು ಎರಡರಷ್ಟು ಹಿಗ್ಗಿಸಿ ತೆಗೆಯಲಿ. ಹಗಲು ಬೆಳಕಿನ ಜೊತೆಗೆ ಹಳದಿ ಬಲ್ಬನ್ನು ಉರಿಸಿದರೆ ಮುಖದಲ್ಲಿ ಎರಡು ಬಣ್ಣ, ಆರಿಸಿಬಿಡುವುದು ಮೇಲು. ಇನ್ನು ತಗಡಿನ ಚಾವಣಿ ವೈಶಾಖದ ನಡುಹಗಲಿನಲ್ಲಿ ಮಂಡಕ್ಕಿ ಭಟ್ಟಿಗೆ ಸಮ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ವಯಸ್ಸಾದವರನ್ನು ಬೆಳಿಗ್ಗೆ ಹತ್ತರೊಳಗೆ ಕೂರಿಸಿ ಕಳುಹಿಸಬೇಕು. ಆ ಹೊತ್ತಿಗೆ ಕಿಟಕಿಯಲ್ಲಿ ಪಂಚೆ ಇದ್ದೇ ಇರಲಿ.