ರೊಕ್ಕ ಹಂಚಿದವನ ಹುಚ್ಚನಂತ!

ಮೊನ್ನೆ ಐತವಾರ ಮನ್ಯಾಗ ಎಲ್ಲಾರೂ ಕೂತು ‘ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್’ ನೋಡಿದ್ವಿ. 1936ರ ಕಪ್ಪು-ಬಿಳುಪು ಸಿನೆಮಾ, ಫ್ರಾಂಕ್ ಕಾಪ್ರಾಂದು. ನಮ್ಮನಿಯವರು ಮನಸಾರೆ ನಕ್ಕು ಕಡೀಕೆ ಒಂದ ಮಾತು ಅಂದ್ರು, “ಎಂಥಾ ಪ್ಯಾಲಿ ಅದಾನ ಇವ!” ಆಗ ಬಂದ ಸಿಟ್ಟು ನಂಗ ಇನ್ನೂ ಇಳದಿಲ್ಲ.

ಪ್ಯಾಲಿ ಹೆಂಗ ಆಗ್ತಾನ್ರೀ ಅವ? ವರ್ಮಾಂಟ್‌ನ ಒಂದು ಸಣ್ಣ ಊರಾಗಿರೋ ಲಾಂಗ್‌ಫೆಲೋ ಡೀಡ್ಸ್‌ಗ, ಅಂದ್ರ ಗ್ಯಾರಿ ಕೂಪರ್‌ಗ, ಒಮ್ಮೆಲೆ ಎರಡು ಕೋಟಿ ಡಾಲರ್ ಆಸ್ತಿ ಬರ್ತದ. ಸುದ್ದಿ ತಂದ ವಕೀಲರ ಮುಂದ ಇವ ಟ್ಯೂಬಾ ಊದ್ತಾನ. ಅಲ್ಲೇ ನಮ್ಮ ಮಂದಿ ದಡ್ಡ ಅಂತ ಶಿಕ್ಕಾ ಹೊಡದು ಮುಗಿಸಿದ್ರು. ಮುಂದ ನ್ಯೂಯಾರ್ಕಿನಾಗ ಅಪೆರಾ ಮಂಡಳಿಯ ದೊಡ್ಡವರು ಇವನ್ನ ಅಧ್ಯಕ್ಷ ಮಾಡಿ, ಮೆಲ್ಲಕ ನಷ್ಟದ ಲೆಕ್ಕ ಮುಂದಿಡ್ತಾರಲ್ಲ, ಅದು ಕಣ್ಣಿಗೆ ಬೀಳಲಿಲ್ಲೇನು? ಮಂದಿ ಬರವಲ್ರು ಅಂದ್ರ ನಿಮ್ಮ ಆಟನ ಛಲೋ ಇರಲಿಕ್ಕಿಲ್ಲ ಅಂತಾನ ಇವ. ಪೈಸಾ ಬಿಚ್ಚೂದಿಲ್ಲ. ಸಂತ್ಯಾಗ ಬದ್ನಿಕಾಯಿ ಒತ್ತಿ ನೋಡಿ ತೊಗೊಳ್ಳೋ ಶಾಣ್ಯಾತನ ಅದು.

ಖರೆ ಕಥಿ ಇರೋದು ಡೋನಟ್‌ನಾಗ. ಒಂದು ರಾತ್ರಿ ಕುಡದ ನಶಾದಾಗ ಇವ ಕುದುರಿಗೆ ಡೋನಟ್ ತಿನಸ್ತಾನ. ಊರಿಗೆಲ್ಲಾ ಅದು ಜೋಕು. ಆದ್ರ ಅಮೆರಿಕಾಕ್ಕ ಆಗ ಮಹಾ ಕುಸಿತದ ಕಾಲ. ಭೂಮಿ ಕಳಕೊಂಡ ಒಬ್ಬ ರೈತ ಪಿಸ್ತೂಲ್ ಹಿಡದು ಅವನ ಬಂಗಲೇಕ್ಕ ನುಗ್ಗಿ, ಕುದುರಿಗೆ ಡೋನಟ್ ಹಾಕ್ತೀ, ಹಸದ ಮಂದಿ ಕಾಣೂದಿಲ್ಲೇನು ಅಂತ ಒದರ್ತಾನ. ಆಮ್ಯಾಲೆ ತಾನ ಕುಸದು ಅಳ್ತಾನ. ನಮ್ಮನ್ಯಾಗ ಆ ಹೊತ್ತಿಗೆ ಎಲ್ಲಾರೂ ಚಹಾಕ್ಕಂತ ಎದ್ದಿದ್ರು.

ಡೀಡ್ಸ್ ಆ ರೈತನ್ನ ಊಟಕ್ಕ ಕೂಡಸ್ತಾನ. ಮುಂದ ಒಂದು ಕೋಟಿ ಎಂಬತ್ತು ಲಕ್ಷ ಡಾಲರ್ ತಗದು, ಒಂದೊಂದು ಕುಟುಂಬಕ್ಕ 10 ಎಕರೆ, ಒಂದು ಕುದುರಿ, ಒಂದು ಆಕಳು, ಬಿತ್ತಲಿಕ್ಕೆ ಬೀಜ ಕೊಡ್ತೀನಿ ಅಂತಾನ. ಮೂರು ವರ್ಷ ದುಡದ್ರ ಭೂಮಿ ಅವರದ. ಇದು ಭಿಕ್ಷಾ ಅಲ್ಲ, ನೋಡ್ರಿ.

ಟ್ಯೂಬಾ ಊದಿದಾಗ ಯಾರೂ ಕೋರ್ಟಿಗೆ ಹೋಗಲಿಲ್ಲ. ರೊಕ್ಕ ಹಂಚಲಿಕ್ಕೆ ನಿಂತ ಕೂಡ್ಲೆ ಸಂಬಂಧಿಕರಿಗೂ ವಕೀಲಗೂ ಅವ ಹುಚ್ಚ ಆದ, ಟ್ಯೂಬಾ ಸಾಕ್ಷಿ ಆತು! ಊರಿಂದ ಕರಸಿದ ಇಬ್ಬರು ಮುದುಕ್ಯಾರು ಇವಂಗ ಗಾಳಿ ಬಡದದ ಅಂತಾರ. ಮತ್ಯಾರಿಗೆ ಬಡದದ ಅಂತ ಕೇಳಿದ್ರ, ನಮ್ಮಿಬ್ಬರನ್ನ ಬಿಟ್ಟು ಊರಿಗೆಲ್ಲಾ! ಕಡೀಕೆ ಜಡ್ಜ್, ಈ ಕೋರ್ಟಿಗೆ ಬಂದವರೊಳಗ ಇವನಷ್ಟು ನೆಟ್ಟಗಿನ ತಲಿ ಯಾರದೂ ಇಲ್ಲ ಅಂತಾನ. ಪೇಪರಿನಾಗ ಅವನ್ನ ಚಾಷ್ಟಿ ಮಾಡಿದ ಆ ಹುಡುಗಿ ಬೇಬ್‌ನ ಮಾತ್ರ ಭಾಳ ಲಗೂ ಕ್ಷಮಾ ಮಾಡಿಬಿಟ್ಟ. ನಾ ಆಗಿದ್ರ ಮಾಡ್ತಿರಲಿಲ್ಲ.

ಹೋದ ವರ್ಷ ಭಾಂಡಿ ತಿಕ್ಕೋ ಬಾಯಿಯ ಮಗನ ಫೀಸಿಗೆ ನಾ ಕೂಡಿಟ್ಟ ರೊಕ್ಕ ಕೊಟ್ಟಾಗ, “ತಲಿ ಕೆಟ್ಟದೇನು ನಿನಗ?” ಅಂದವರೂ ಇದ ನಮ್ಮನಿಯವರು. ಅದ ತಿಂಗಳ ಯಾರದೋ ಮದಿವ್ಯಾಗ ಅದರ ಎರಡರಷ್ಟು ಆಹೇರ ಮಾಡಿ ಬಂದ್ರು, ಆಗ ಯಾರ ತಲೀನೂ ಕೆಟ್ಟಿರಲಿಲ್ಲ.

ಬರೋ ಐತವಾರ ಸಿನೆಮಾ ಮತ್ತ ಹಚ್ಚತೀನಿ, ರೈತ ನುಗ್ಗೋ ಸೀನಿನಿಂದ. ಚಹಾ ಮುಗದ ಮ್ಯಾಲೆ.